ಬೀಗಿತ್ತಿಯರ ಯುರೋಪು

ಜನವರಿ ೧೯

ಬೀಗಿತ್ತಿಯವರಿಗೆ ನಮಸ್ಕಾರಗಳು.

ನೀವೂ ನಿಮ್ಮ ಲಾಂಡ್ರಿಯ ಕೆಲಸದವರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾನು, ಯಜಮಾನರು ಚೆನ್ನಾಗಿದ್ದೇವೆ.

ಭಾನುವಾರ ಮಕ್ಕಳು ನಮ್ಮೆಲ್ಲರನ್ನೂ ಒಂದೇ ಫೋನಿನಲ್ಲಿ ಸೇರಿಸಿ ಹೇಳಿದ ಸುದ್ದಿಯ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಮಗನೂ ನಿಮ್ಮ ಮಗಳೂ ಸೇರಿ ನಮಗೆ ಯುರೋಪು ತೋರಿಸಲು ಹೊರಟಿದ್ದಾರೆ, ಅದೂ ತಾವು ಜತೆಗೆ ಬರದೆ. “ಅಮ್ಮಂದಿರು ಇಬ್ಬರೇ ಹೋಗಿ ಬನ್ನಿ” ಎಂಬುದು ಅವರ ಆಜ್ಞೆ. ನನ್ನ ಯಜಮಾನರನ್ನೂ ಕರೆದರು. ತಾರಸಿಯ ಮೆಟ್ಟಿಲು ಹತ್ತುವುದೇ ತಮಗೆ ವಿದೇಶ ಪ್ರವಾಸ ಎಂದು ಹೇಳಿ ಅವರು ಪೇಪರಿನೊಳಗೆ ತಲೆ ಹುದುಗಿಸಿದರು. ಹಾಗಾಗಿ ಉಳಿದವರು ನಾವಿಬ್ಬರು. ಮೇ ಕೊನೆಗೆ ಹೊರಟರೆ ಎರಡು ವಾರ. ಟಿಕೆಟ್ಟು, ವೀಸಾ ಎಲ್ಲ ಅವರದು. ಯಾವ ಯಾವ ಊರು ಎಂಬುದನ್ನು ಮಾತ್ರ ನಾವಿಬ್ಬರೂ ಒಪ್ಪಿ ತಿಳಿಸಬೇಕಂತೆ.

ಅಂದು ಎಲ್ಲರೂ ಒಟ್ಟಿಗೆ ಮಾತಾಡಿ ಏನೂ ತೀರ್ಮಾನವಾಗಲಿಲ್ಲ. ಇನ್ನು ಈ ವಿಷಯವನ್ನು ಕಾಗದದಲ್ಲೇ ಬರೆದುಕೊಳ್ಳೋಣ ಎಂದು ನನ್ನ ಸಲಹೆ. ಫೋನಿನ ಮಾತಿಗೆ ಪೂರ್ಣವಿರಾಮವೇ ಇರುವುದಿಲ್ಲ. ಮೆಸೇಜುಗಳಲ್ಲಿ ಜನ ಅರ್ಧ ಅಕ್ಷರ ನುಂಗಿಬಿಡುತ್ತಾರೆ. ಮುದ್ರಣಾಲಯದಲ್ಲಿ ಕೂತು ಪ್ರೂಫ್ ತಿದ್ದುವುದೇ ಕಸುಬಾಗಿರುವ ನನಗೆ ಎರಡೂ ಹಿಂಸೆ.

ನನ್ನ ಮನಸ್ಸಿನಲ್ಲಿರುವ ಊರುಗಳು: ಪ್ಯಾರಿಸ್, ರೋಮ್, ಫ್ಲಾರೆನ್ಸ್, ವೆನಿಸ್, ವಿಯೆನ್ನಾ, ಪ್ರಾಗ್, ಬರ್ಲಿನ್, ಆಮ್‌ಸ್ಟರ್‌ಡ್ಯಾಮ್. ನಾನು ತಿದ್ದಿದ ಪುಸ್ತಕಗಳಲ್ಲಿ ಇವೆಲ್ಲ ಮತ್ತೆ ಮತ್ತೆ ಬಂದಿವೆ. ಅಕ್ಷರದಲ್ಲಿ ನೋಡಿದ್ದನ್ನು ಕಣ್ಣಾರೆ ನೋಡುವ ಆಸೆ. ನಿಮ್ಮ ಆಯ್ಕೆ ತಿಳಿಸಿ.

ಇಂತಿ,
ನಿಮ್ಮ ಅಳಿಯನ ತಾಯಿ

ಮರೆತಿದ್ದೆ: ನೀವು ಮಗಳ ಕೈಲಿ ಬರೆದು ಕಳಿಸಿದ ಚೀಟಿಯಲ್ಲಿ ‘ಸ್ವಿಜರ್‌ಲೆಂಡು’ ಎಂದಿದೆ. ಅದು ಸ್ವಿಟ್ಜರ್ಲೆಂಡ್.


ಜನವರಿ ೨೮

ಬೀಗಿತ್ತಿಯಮ್ಮನವರಿಗೆ ನಿಮ್ಮ ಸೊಸೆಯ ತಾಯಿಯ ನಮಸ್ಕಾರ.

ನಿಮ್ಮ ಕಾಗದ ಬಂತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ ಎಷ್ಟು ನೀಟಾಗಿತ್ತೆಂದರೆ ಮಡಿಸಿ ಇಡಲು ಕೈ ಬರಲಿಲ್ಲ. ಅಂಗಡಿಯಲ್ಲಿ ಇಸ್ತ್ರಿ ಮಾಡುವ ಅಣ್ಣನಿಗೂ ತೋರಿಸಿದೆ. “ಒಂದು ಸುಕ್ಕಿಲ್ಲ ನೋಡಿ” ಅಂದರು.

ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ವಾರಕ್ಕೆ ಎಂಟು ಊರೇ? ನಾವು ಊರು ನೋಡಲು ಹೋಗುತ್ತಿದ್ದೇವೋ, ಹಾಜರಿ ಹಾಕಲು ಹೋಗುತ್ತಿದ್ದೇವೋ? ಬೆಳಗ್ಗೆ ಪೆಟ್ಟಿಗೆ ಬಿಚ್ಚುವುದು, ಸಾಯಂಕಾಲ ಕಟ್ಟುವುದು ಇಷ್ಟೇ ಆದರೆ ನನ್ನ ಅಂಗಡಿಯೇ ವಾಸಿ. ಇಲ್ಲೂ ದಿನವಿಡೀ ಅದೇ ಮಾಡುತ್ತೇನೆ, ಬೇರೆಯವರ ಬಟ್ಟೆಗೆ.

ನನ್ನ ಆಸೆ ಬೇರೆ. ನಮ್ಮವರು ಹೋದ ಮೇಲೆ ಲಾಂಡ್ರಿ ಪೂರ್ತಿ ನನ್ನ ಕೈಗೆ ಬಂತು. ಆವತ್ತಿನಿಂದ ನಾನು ಬಿಸಿ ಹಬೆಯ ಪಕ್ಕದಲ್ಲೇ ನಿಂತವಳು. ನನ್ನ ಮುಖ ನೋಡಿದರೆ ಈಗಷ್ಟೇ ಬೆಂದು ಇಳಿಸಿದ ಹಾಗಿರುತ್ತದೆ. ನನ್ನ ಪಾಲಿಗೆ ಯುರೋಪು ಅಂದರೆ ತಣ್ಣಗಿರುವ ಜಾಗ, ಅಷ್ಟೇ. ಅಂಗಡಿಯ ಗೋಡೆಗೆ ಒಂದು ಹಳೇ ಕ್ಯಾಲೆಂಡರ್ ಇದೆ. ವರ್ಷ ಮುಗಿದು ಎಷ್ಟೋ ಕಾಲವಾದರೂ ಚಿತ್ರಕ್ಕೋಸ್ಕರ ಇಟ್ಟುಕೊಂಡಿದ್ದೇನೆ. ಒಂದು ಸರೋವರ, ಹಿಂದೆ ಬೆಟ್ಟ, ಬೆಟ್ಟಕ್ಕೆ ಒರಗಿಕೊಂಡ ಮರದ ಮನೆಗಳು, ನೀರಿಗೆ ಮುಖ ನೋಡಿಕೊಳ್ಳುವ ಒಂದು ಚೂಪು ಗೋಪುರ. ಸ್ವಿಜರ್‌ಲೆಂಡು ಅಂದುಕೊಂಡಿದ್ದೆ, ಅದು ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂದು ಮಗಳು ಹುಡುಕಿ ಹೇಳಿದಳು. ರೈಲು ಒಂದು ದಡದಲ್ಲಿ ಇಳಿಸುತ್ತದಂತೆ, ಊರು ಇನ್ನೊಂದು ದಡದಲ್ಲಂತೆ, ನಡುವೆ ದೋಣಿಯಂತೆ! ಇದಕ್ಕಿಂತ ಬೇಕೇನು?

ನಿಮ್ಮ ವೆನಿಸ್ಸಿಗೂ ನನ್ನ ಒಪ್ಪಿಗೆ ಇದೆ. ಅರಮನೆ ಗಿರಮನೆ ನೀವು ನೋಡಿ. ಮಗಳು ಕಳಿಸಿದ ಚಿತ್ರದಲ್ಲಿ ಓಣಿಯ ಈ ಕಿಟಕಿಯಿಂದ ಆ ಕಿಟಕಿಗೆ ಹಗ್ಗ ಕಟ್ಟಿ ನೀರಿನ ಮೇಲೇ ಬಟ್ಟೆ ಒಣಹಾಕಿದ್ದಾರೆ. ಒಂದು ಕ್ಲಿಪ್ ಜಾರಿದರೆ ಲಂಗ ಸೀದಾ ಕಾಲುವೆಗೆ. ಆ ಧೈರ್ಯವಂತರನ್ನು ನಾನು ನೋಡಲೇಬೇಕು.

ವಿಯೆನ್ನಾದಲ್ಲಿ ಸಾಯಂಕಾಲ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಸಂಗೀತ ಇರುತ್ತದಂತೆ. ಒಂದು ಸಂಜೆ ಹೋಗೋಣವೇ? ಊರು ತೋರಿಸಿ ಕಥೆ ಹೇಳುವ ಗೈಡುಗಳೂ ಸಿಗುತ್ತಾರಂತೆ.

ನಿಮ್ಮ
ಬೀಗಿತ್ತಿ

ಹೇಗೆ ಬರೆದರೂ ಅಲ್ಲಿನ ಮಂಜು ಕರಗುವುದಿಲ್ಲವಲ್ಲ, ಸ್ವಿಜರ್‌ಲೆಂಡು ಅಂತಲೇ ಇರಲಿ ಬಿಡಿ.


ಫೆಬ್ರವರಿ ೮

ಬೀಗಿತ್ತಿಯವರಿಗೆ ನಮಸ್ಕಾರಗಳು.

ಹಾಜರಿಯ ಮಾತು ಯಜಮಾನರಿಗೆ ಓದಿ ಹೇಳಿದೆ. ಅವರು ನಿಮ್ಮ ಪಕ್ಷ ಸೇರಿಬಿಟ್ಟರು. ಬಹುಮತಕ್ಕೆ ತಲೆಬಾಗಿ ಬರ್ಲಿನ್, ಆಮ್‌ಸ್ಟರ್‌ಡ್ಯಾಮ್ ಎರಡನ್ನೂ ಹೊಡೆದುಹಾಕಿದ್ದೇನೆ. ಫ್ಲಾರೆನ್ಸ್ ಬಿಡಲು ಎರಡು ದಿನ ಬೇಕಾಯಿತು. ಬಿಟ್ಟೆ.

ಹಾಲ್‌ಸ್ಟಾಟಿಗೆ ಒಪ್ಪಿಗೆ. ನನ್ನ ಪುಸ್ತಕಗಳಲ್ಲಿ ಅದು ಬಂದಿಲ್ಲ. ಬಾರದ್ದನ್ನೂ ಒಂದು ನೋಡಬೇಕಲ್ಲ.

ಸಂಗೀತ ಬೇಡ. ಕತ್ತಲ ಸಭಾಂಗಣದಲ್ಲಿ ಎರಡು ಗಂಟೆ ಕೂರಲು ಅಷ್ಟು ದೂರ ಹೋಗಬೇಕಿಲ್ಲ. ಗೈಡೂ ಬೇಡ. ಅವರು ನಡೆಯುತ್ತಾ, ಬೆನ್ನು ತೋರಿಸಿಕೊಂಡು ಮಾತಾಡುತ್ತಾರೆ. ಏನೇನಿದೆ ಎಂದು ನಾನೇ ಮೊದಲು ಓದಿಕೊಂಡು ನಿಮಗೆ ಹೇಳುತ್ತೇನೆ.

ವೆನಿಸ್ಸಿಗೆ ಹೋಗಿ ಒಣಹಾಕಿದ ಬಟ್ಟೆ ನೋಡುವವರನ್ನು ನಾನು ಕಂಡೂ ಇಲ್ಲ, ಕೇಳಿಯೂ ಇಲ್ಲ. ಆದರೆ ನಿಮ್ಮ ಕಾಗದ ಓದಿದ ಮೇಲೆ ನಾನೇ ತಿದ್ದಿದ ಪುಸ್ತಕವೊಂದನ್ನು ಕಪಾಟಿನಿಂದ ತೆಗೆದು ವೆನಿಸ್ಸಿನ ಪುಟ ನೋಡಿದೆ. ಅಲ್ಲಿನ ಚಿತ್ರದಲ್ಲಿ, ಸೇತುವೆಯ ಮೇಲುಗಡೆ ಹಗ್ಗದಲ್ಲಿ ಒಂದು ಕೆಂಪು ಮೇಜುಬಟ್ಟೆ ತೂಗುತ್ತಿದೆ. ಆ ಪುಟವನ್ನು ನಾನು ಮೂರು ಸಲ ಪ್ರೂಫ್ ನೋಡಿದ್ದೆ. ಮೇಜುಬಟ್ಟೆ ಕಂಡಿರಲಿಲ್ಲ.

ಪ್ಯಾರಿಸ್ ಬಗ್ಗೆ ನೀವು ಏನೂ ಹೇಳಲಿಲ್ಲ.

ಇಂತಿ,
ನಿಮ್ಮ ಬೀಗಿತ್ತಿ


ಫೆಬ್ರವರಿ ೨೦

ಬೀಗಿತ್ತಿಯಮ್ಮನವರಿಗೆ,

ಪ್ಯಾರಿಸ್ ಬಗ್ಗೆ ಹೇಳದೆ ಇದ್ದದ್ದು ಬೇಕಂತಲೇ. ಭೂಪಟ ತೆಗೆದು ಮೇಜಿನ ಮೇಲೆ ಹರವಿ, ನಾಲ್ಕು ಮೂಲೆಗೂ ಇಸ್ತ್ರಿಪೆಟ್ಟಿಗೆ ಇಟ್ಟು ನೋಡಿದೆ (ತಣ್ಣಗಿರುವ ಪೆಟ್ಟಿಗೆಗಳೇ, ಹೆದರಬೇಡಿ). ವೆನಿಸ್, ವಿಯೆನ್ನಾ, ಹಾಲ್‌ಸ್ಟಾಟ್, ಪ್ರಾಗ್ ಒಂದು ಕಡೆ ಗುಂಪಾಗಿ ಕೂತಿವೆ, ರೈಲಿನಲ್ಲೇ ಮುಗಿಸಬಹುದು. ಪ್ಯಾರಿಸ್, ರೋಮ್ ಎರಡೂ ಮುನಿಸಿಕೊಂಡವರ ಹಾಗೆ ಬೇರೆ ಬೇರೆ ಮೂಲೆಯಲ್ಲಿವೆ. ಅವುಗಳನ್ನು ಸಮಾಧಾನ ಮಾಡಲು ಹೋದರೆ ಇವು ತಪ್ಪುತ್ತವೆ. ರೋಮಿಗೆ ನೀವು ಅಷ್ಟೊಂದು ಅಳುವುದಿಲ್ಲ ಎಂದು ಗೊತ್ತು. ಪ್ಯಾರಿಸ್ಸಿಗೆ ಅಳುತ್ತೀರಿ. ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಊರಿನ ಮಾತು ಹೀಗೆ ಮುಗಿಯುತ್ತದೆ. ನನ್ನ ಹೊಟ್ಟೆಯಲ್ಲಿ ಇನ್ನೊಂದು ಮಾತು ಇದೆ, ಅದನ್ನೂ ಕಕ್ಕಿಬಿಡುತ್ತೇನೆ.

ನೀವು ಕಾಗದದಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತೀರಿ! ಎದುರಿಗೆ ಸಿಕ್ಕರೆ ಮಾತ್ರ ಬೇರೆಯವರೇ ಆಗಿಬಿಡುತ್ತೀರಿ. ಹೋದ ವರ್ಷ ಮಕ್ಕಳ ಮನೆಯಲ್ಲಿ ಮೂರು ದಿನ ಒಟ್ಟಿಗಿದ್ದೆವು. ನಾನು ಹತ್ತು ಮಾತಾಡಿದರೆ ನೀವು ಒಂದು ‘ಹೌದು’ ಅಂದಿರಿ, ಅದೂ ‘ಇಲ್ಲ’ ಅನ್ನಬೇಕಾದ ಕಡೆ. ಸೋಫಾದಲ್ಲಿ ಪಕ್ಕದಲ್ಲೇ ಕೂತು ನಮ್ಮವರು ತೀರಿಕೊಂಡ ದಿನದ ಕಥೆ ಹೇಳಿದೆ. ನೀವು ಟಿವಿ ನೋಡುತ್ತಲೇ ಇದ್ದಿರಿ. ಆಮೇಲೆ ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಎರಡು ವಾರ ಪಕ್ಕದಲ್ಲಿ ಕೂತವರ ಜತೆ ಬಾಯಿಗೆ ಬೀಗ ಹಾಕಿಕೊಂಡಿರಲು ನನ್ನಿಂದಾಗದು. ಆದ್ದರಿಂದ ನೇರವಾಗಿ ಕೇಳುತ್ತೇನೆ. ಮಕ್ಕಳಿಗೋಸ್ಕರ ಅಲ್ಲ, ಅವರ ಮನಸ್ಸು ನೋಯುತ್ತದೆ ಅಂತಲ್ಲ. ನಿಮಗೆ, ನನ್ನ ಜತೆ ಬರುವುದು ಇಷ್ಟವೇ?

ನಿಮ್ಮ
ಬೀಗಿತ್ತಿ


ಮಾರ್ಚ್ ೨

ಬೀಗಿತ್ತಿಯವರಿಗೆ ನಮಸ್ಕಾರಗಳು.

ವೆನಿಸ್, ವಿಯೆನ್ನಾ, ಹಾಲ್‌ಸ್ಟಾಟ್, ಪ್ರಾಗ್. ಒಪ್ಪಿಗೆ. ಮಗನಿಗೂ ತಿಳಿಸಿದ್ದೇನೆ.

ನಿಮ್ಮ ಇನ್ನೊಂದು ಪ್ರಶ್ನೆಗೆ ಮುಂದೆ ಬರೆಯುತ್ತೇನೆ.

ಇಂತಿ,
ನಿಮ್ಮ ಬೀಗಿತ್ತಿ


ಮಾರ್ಚ್ ೨೪

ಬೀಗಿತ್ತಿಯವರಿಗೆ,

ತುಂಬಾ ಯೋಚಿಸಿ ಬರೆಯುತ್ತಿದ್ದೇನೆ. ನಾನು ಬರುವುದಿಲ್ಲ. ನನ್ನ ಬದಲು ನಿಮ್ಮ ತಂಗಿಯನ್ನು ಕರೆದುಕೊಂಡು ಹೋಗಿ. ಟಿಕೆಟ್ಟಿನ ಹೆಸರು ಬದಲಾಯಿಸಲು ಇನ್ನೂ ಸಮಯವಿದೆಯಂತೆ. ಮುದ್ರಣಾಲಯದಲ್ಲಿ ಕೆಲಸ ಬಹಳ ಬಂದಿದೆ ಎಂದು ಮಕ್ಕಳಿಗೆ ಹೇಳುತ್ತೇನೆ. ನೀವೂ ಹಾಗೇ ಹೇಳಿ.

ನಿಮ್ಮ ಮೇಲೆ ಯಾವ ಬೇಸರವೂ ಇಲ್ಲ. ಇದನ್ನು ದಯವಿಟ್ಟು ನಂಬಿ.

ಇಂತಿ,
ನಿಮ್ಮ ಬೀಗಿತ್ತಿ


ಏಪ್ರಿಲ್ ೩

ಬೀಗಿತ್ತಿಯಮ್ಮನವರಿಗೆ,

ಮೊನ್ನೆ ನಾನು ಹೇಳದೆ ಕೇಳದೆ ನಿಮ್ಮ ಮುದ್ರಣಾಲಯಕ್ಕೆ ಬಂದು, ಕಾಫಿ ಕುಡಿದು, ಬಿಸಿಲಿನ ಬಗ್ಗೆ ಮಾತಾಡಿ, ಮುಂದಿನ ಬಸ್ಸಿಗೇ ಹೊರಟುಹೋದೆ. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ನೀವು ಅಂದುಕೊಂಡಿರಬೇಕು. ನಿಜ ಏನೆಂದರೆ ನಾನು ಜಗಳಕ್ಕೆಂದೇ ಬಂದಿದ್ದೆ. ಬಸ್ಸಿನಲ್ಲಿ ಕೂತು ಏನೇನು ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. “ಇಷ್ಟವಿಲ್ಲ ಅಂತ ಒಂದು ಮಾತು ಹೇಳೋಕೆ ಮುದ್ರಣಾಲಯದ ಕೆಲಸ ಅಡ್ಡ ಇಡಬೇಕಾ?” ಎಂದು ಶುರು ಮಾಡಬೇಕೆಂದಿದ್ದೆ.

ನಾನು ಒಳಗೆ ಬಂದಾಗ ಯಂತ್ರ ನಿಂತಿತ್ತು. ನೀವು ಗೋಡೆ ಕಡೆ ಮುಖ ಮಾಡಿ, ಕೆಂಪು ಪೆನ್ನು ಹಿಡಿದು ಕೂತಿದ್ದಿರಿ. ಹಿಂದಿನಿಂದ “ಬೀಗಿತ್ತಿಯವರೇ” ಅಂದೆ. ನೀವು ತಿರುಗಲಿಲ್ಲ. ಇನ್ನೂ ಹತ್ತಿರ ಬಂದು ಜೋರಾಗಿ ಕರೆದೆ. ಇಲ್ಲ. ಇವರ ಸೊಕ್ಕು ನೋಡು ಎಂದು ಮೈಯೆಲ್ಲ ಉರಿದುಹೋಯಿತು. ಆಗ ಮೂಲೆಯಲ್ಲಿ ಪುಸ್ತಕ ಹೊಲಿಯುತ್ತಿದ್ದ ಹೆಂಗಸು, ದಾರ ಕಚ್ಚಿ ಹರಿಯುತ್ತಾ ಹೇಳಿದರು:

“ಆ ಕಡೆಯಿಂದ ಕೂಗಿದ್ರೆ ಅವ್ರಿಗೆ ಕೇಳ್ಸಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಡೆಯಿಂದ ಬನ್ನಿ.”

“ಯಾವಾಗಿಂದ?” ಅಂದೆ.

“ಆರೇಳು ವರ್ಷ ಆಯ್ತೇನೋ. ಬಲಗಡೆನೂ ಅಷ್ಟಕ್ಕಷ್ಟೆ. ಮನೇಲಿ ಹೇಳ್ಕೊಂಡಿಲ್ವಂತೆ. ನೀವ್ಯಾರು?”

“ಮದ್ವೆ ಕಾರ್ಡ್ ಅಚ್ಚು ಹಾಕಿಸ್ಬೇಕಿತ್ತು” ಅಂದುಬಿಟ್ಟೆ. ಈ ವಯಸ್ಸಿನಲ್ಲಿ ಯಾರ ಮದುವೆಯೋ ಎಂದು ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

ಹೊರಗೆ ಹೋದೆ. ನಿಮ್ಮ ಬಾಗಿಲಲ್ಲಿರುವ ಕಾಗದದ ಉರುಳೆಗಳ ಹಿಂದೆ ನಿಂತು ಚೆನ್ನಾಗಿ ಅತ್ತೆ. ಆಮೇಲೆ ಮುಖ ಒರೆಸಿಕೊಂಡು, ಸುತ್ತು ಹಾಕಿ ಬಲಗಡೆಯಿಂದ ಬಂದೆ. ಆಗ ನೀವು ಗಾಬರಿಯಾಗಿ ಎದ್ದು, ನಿಮ್ಮ ಕುರ್ಚಿಯನ್ನೇ ನನಗೆ ಕೊಟ್ಟಿರಿ.

ಸೋಫಾದಲ್ಲಿ ಆ ದಿನ ನಾನು ಯಾವ ಕಡೆ ಕೂತಿದ್ದೆ ಎಂದು ಬಸ್ಸಿನುದ್ದಕ್ಕೂ ನೆನಪಿಸಿಕೊಂಡೆ. ಎಡಗಡೆ.

ಇನ್ನೊಂದು ಇದೆ. ಮಕ್ಕಳ ಮದುವೆಯ ದಿನ ಊಟಕ್ಕೆ ಕೂತಾಗಲೂ ನಾನು ನಿಮ್ಮ ಎಡಗಡೆಯೇ ಇದ್ದೆ. ನನಗೆ ಅಕ್ಕ ಇಲ್ಲ. ನೀವು ನನಗಿಂತ ದೊಡ್ಡವರು, ಓದಿದವರು. ಬಹಳ ಧೈರ್ಯ ಮಾಡಿ, “ಇನ್ಮೇಲೆ ನನ್ನ ನೀವು ತಾವು ಅನ್ಬೇಡಿ, ಏಕವಚನದಲ್ಲೇ ಕರೀರಿ” ಅಂದೆ. ನೀವು ಕೈ ಅಡ್ಡ ಮಾಡಿ ಏನು ಹೇಳಿದಿರಿ ಗೊತ್ತೇ? “ಬೇಡ ಬೇಡ, ನನಗೆ ಸಾಕಾಯ್ತು.”

ಆ ಮಾತನ್ನು ನಾನು ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದೇನೆ.

ಯುರೋಪಿಗೆ ನನ್ನ ತಂಗಿ ಬರುವುದಿಲ್ಲ. ನಾನು ಅವಳನ್ನು ಕೇಳಿಯೂ ಇಲ್ಲ. ನೀವು ಬಂದರೆ ಹೋಗುತ್ತೇನೆ, ಇಲ್ಲದಿದ್ದರೆ ಇಸ್ತ್ರಿಪೆಟ್ಟಿಗೆ ಇದ್ದೇ ಇದೆ. ರೈಲಿನಲ್ಲಿ, ದೋಣಿಯಲ್ಲಿ, ರಸ್ತೆಯಲ್ಲಿ ನಾನು ನಿಮ್ಮ ಬಲಗಡೆಯೇ ಇರುತ್ತೇನೆ. ನನ್ನ ಗಂಟಲು ಹೇಗೂ ದೊಡ್ಡದು. ಅಂಗಡಿಯಲ್ಲಿ ಯಂತ್ರ ತಿರುಗುವಾಗಲೂ ಹಿಂದಿನ ರಸ್ತೆಯವರಿಗೆ ನನ್ನ ಮಾತು ಕೇಳಿಸುತ್ತದೆ ಎಂದು ಎಲ್ಲರೂ ಬೈಯುತ್ತಾರೆ. ಆ ಗಂಟಲು ಕೊನೆಗೂ ಒಂದು ಒಳ್ಳೆಯ ಕೆಲಸಕ್ಕೆ ಬರಲಿ.

ನಿಮ್ಮ
ಬೀಗಿತ್ತಿ


ಏಪ್ರಿಲ್ ೯

ಪ್ರೀತಿಯವಳೇ,

ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ.

ಮದುವೆಯ ದಿನ ನೀನು ಕೇಳಿದ್ದು ಆ ಮಾತೇ? “ಇನ್ನೂ ಸ್ವಲ್ಪ ಬಡಿಸಲಾ” ಎಂದು ಕೇಳಿದೆ ಎಂದು ನಾನು ತಿಳಿದೆ. ನನ್ನ ಎಲೆ ಅಷ್ಟರಲ್ಲೇ ತುಂಬಿ ತುಳುಕುತ್ತಿತ್ತು. ಹಾಗಾಗಿ ಬೇಡ ಅಂದೆ. ನೀನು ಎದ್ದು ಹೋದದ್ದು ಕಂಡು, ಎಷ್ಟು ಸೂಕ್ಷ್ಮ ಮನಸ್ಸಿನವರಪ್ಪಾ, ಒಂದು ಸೌಟು ಬೇಡ ಅಂದದ್ದಕ್ಕೇ ಮುಖ ಸಣ್ಣದಾಯಿತಲ್ಲ ಎಂದು ಅಂದುಕೊಂಡೆ! ಅದಕ್ಕೇ ಆಮೇಲೆ ನಿನ್ನ ಜತೆ ಊಟದ ಮಾತೇ ಎತ್ತಲಿಲ್ಲ.

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಯಜಮಾನರು ಪೇಪರು ಕೆಳಗಿಟ್ಟು ನೋಡಿದರು. ಅವರಿಗೆ ಎಲ್ಲ ಹೇಳಿಬಿಟ್ಟೆ. ಮದುವೆಯಾದಾಗಿನಿಂದಲೂ ನಾನು ಅವರ ಮಾತು ಕೇಳುವುದಿಲ್ಲ ಎಂದೇ ಅವರ ದೂರು. ಆದ್ದರಿಂದ ಕಿವಿ ಹೋದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೊದಮೊದಲು ನನಗೇ ಗೊತ್ತಿರಲಿಲ್ಲ, ಜನರೇ ಮೆಲ್ಲಗೆ ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಗೊತ್ತಾದ ಮೇಲೆ ನಾಚಿಕೆ. ಪ್ರತಿಯೊಂದು ಅಕ್ಷರವೂ ಸರಿಯಿರಬೇಕು ಎನ್ನುವವಳು, ನಡುವಿನ ಮಾತು ತಪ್ಪಿಸಿಕೊಂಡು ಅಂದಾಜಿನಲ್ಲಿ ‘ಹೌದು’ ಅನ್ನುತ್ತಿದ್ದೆ. ಕಾಗದದ ಮೇಲೆ ಮಾತ್ರ ನಾನು ಯಾವ ಮಾತನ್ನೂ ಕಳೆದುಕೊಳ್ಳುವುದಿಲ್ಲ. ಈ ಮೂರು ತಿಂಗಳು ನಿನ್ನ ಒಂದೊಂದು ಕಾಗದ ಬಂದಾಗಲೂ ನನಗೆ ಏನನ್ನಿಸುತ್ತಿತ್ತು ಎಂದರೆ, ಇಷ್ಟು ಚೆಂದ ಹರಟುವವಳ ಪಕ್ಕದಲ್ಲಿ ಕೂತು ಒಂದೂ ಕೇಳಿಸದೆ ಹೋದರೆ? ದೊಡ್ಡ ನಿಲ್ದಾಣದಲ್ಲಿ ನೀನು ಹಿಂದಿನಿಂದ ಕರೆದು, ನಾನು ತಿರುಗದೆ ನಡೆದುಹೋದರೆ? ಆ ಹೆದರಿಕೆಗೇ ಬರುವುದಿಲ್ಲ ಅಂದೆ. ನಿನ್ನ ಪ್ರಶ್ನೆಗೆ ಉತ್ತರ ಮೊದಲ ದಿನದಿಂದಲೂ ಒಂದೇ. ಇಷ್ಟ. ಬಹಳ ಇಷ್ಟ.

ಬರುತ್ತೇನೆ.

ನಿಮ್ಮವರು ತೀರಿಕೊಂಡ ದಿನದ ಕಥೆಯನ್ನು ರೈಲಿನಲ್ಲಿ ಮತ್ತೊಮ್ಮೆ ಹೇಳುತ್ತೀಯಾ? ಪೂರ್ತಿ ಹೇಳು. ನಾನು ಕಿಟಕಿ ನೋಡುವುದಿಲ್ಲ, ನಿನ್ನ ಮುಖ ನೋಡುತ್ತೇನೆ.

ನಿನ್ನ
ಅಕ್ಕ


ಏಪ್ರಿಲ್ ೧೭

ಅಕ್ಕಾ,

ನಿಮ್ಮ ಕಾಗದವನ್ನು ಅಂಗಡಿಯಲ್ಲಿ ಗಿರಾಕಿಗಳ ಎದುರೇ ಓದಿದೆ. ‘ಒಂದು ಸೌಟು’ ಅನ್ನುವಲ್ಲಿ ನಾನು ನಕ್ಕ ರಭಸಕ್ಕೆ, ಕೋಟು ತೆಗೆದುಕೊಳ್ಳಲು ಬಂದಿದ್ದ ವಕೀಲರು ತಮ್ಮ ಕೋಟಿನಲ್ಲೇ ಏನೋ ಎಡವಟ್ಟಾಗಿದೆ ಎಂದು ತಿರುಗಿಸಿ ತಿರುಗಿಸಿ ನೋಡಿದರು. ನೀವು ನನ್ನನ್ನು ‘ನೀನು’ ಅಂದದ್ದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಅದು ನನ್ನದು.

ನೀವು ಮಾತ್ರ ನನಗೆ ‘ನೀವು’ ಆಗೇ ಇರುತ್ತೀರಿ. ವಯಸ್ಸಿಗೆ ಬೆಲೆ ಕೊಡಬೇಡವೇ? ಮೂರೇ ವರ್ಷ ದೊಡ್ಡವರು ಎಂದು ಮಗಳು ಹೇಳಿದಳು, ಆದರೂ ಇರಲಿ.

ಈಗ ಕೆಲಸದ ಮಾತು. ವೆನಿಸ್ಸಿನಲ್ಲಿ ಮೂರು ದಿನ ಸಾಕೇ? ಓಣಿಗಳಲ್ಲಿ ದಾರಿ ತಪ್ಪಲಿಕ್ಕೇ ಒಂದು ದಿನ ಬೇಕಂತೆ. ವಿಯೆನ್ನಾದಲ್ಲಿ ಸಂಗೀತದ ಬದಲು ಆ ದೊಡ್ಡ ಗ್ರಂಥಾಲಯಕ್ಕೆ ಹೋಗೋಣ. ಏಣಿ ಹಾಕಿ ಪುಸ್ತಕ ತೆಗೆಯುವಷ್ಟು ಎತ್ತರದ ಕಪಾಟುಗಳಂತೆ. ನೀವು ಪುಸ್ತಕ ನೋಡಿ, ನಾನು ಅಲ್ಲಿನ ಪರದೆಗಳನ್ನು ಯಾವ ಸೋಪಿನಲ್ಲಿ ಒಗೆಯುತ್ತಾರೆ ಎಂದು ಯೋಚಿಸುತ್ತಾ ಕೂರುತ್ತೇನೆ. ಹಾಲ್‌ಸ್ಟಾಟಿನಲ್ಲಿ ನಾಲ್ಕು ದಿನ ನನಗೆ ಬಿಟ್ಟುಕೊಡಿ. ಅಲ್ಲಿ ಏನೂ ಮಾಡುವುದು ಬೇಡ. ತಣ್ಣಗೆ ಕೂರುವುದು.

ಡಾಕ್ಟರ ಹತ್ತಿರ ಹೋದಿರಾ? ಹೋಗದಿದ್ದರೆ ನಾನೇ ಬರುತ್ತೇನೆ. ಬಲಗಡೆಯಿಂದ.

ನಿಮ್ಮ
ತಂಗಿ


ಮೇ ೧೧

ತಂಗೀ,

ಹೋಗಿದ್ದೆ. ಮಗನೇ ಬಂದು ಕರೆದುಕೊಂಡು ಹೋದ. ಅವನಿಗೂ ಹೇಳಿಬಿಟ್ಟಿದ್ದೆ. ಅವನು ಮೊದಲು ಬೈದ, ಆಮೇಲೆ ನನ್ನ ಬಲಗಡೆ ಬಂದು ಕೂತು ಮತ್ತೆ ಅದನ್ನೇ ಬೈದ, ಒಂದು ಮಾತೂ ತಪ್ಪಬಾರದೆಂದು.

ಎಡಗಿವಿಗೆ ಇನ್ನು ದಾರಿಯಿಲ್ಲ. ಬಲಗಿವಿಗೆ ಒಂದು ಸಣ್ಣ ಯಂತ್ರ ಕೊಟ್ಟಿದ್ದಾರೆ, ಹುರಿಗಡಲೆಯಷ್ಟು ದೊಡ್ಡದು. ಹಾಕಿಕೊಂಡ ಮೊದಲ ದಿನ ಮನೆ ತುಂಬಾ ಯಾರೋ ಓಡಾಡುತ್ತಿದ್ದಾರೆ ಅನ್ನಿಸಿತು. ಗಡಿಯಾರ, ನಲ್ಲಿ, ಪಕ್ಕದ ಮನೆಯ ಕುಕ್ಕರು, ನನ್ನದೇ ಬಳೆ. ಯಜಮಾನರು ಗೊರಕೆ ಹೊಡೆಯುತ್ತಾರೆ ಎಂದು ಗೊತ್ತಿತ್ತು, ಇಷ್ಟೊಂದು ರಾಗವಾಗಿ ಎಂದು ಗೊತ್ತಿರಲಿಲ್ಲ. ಮಲಗುವಾಗ ಯಂತ್ರ ತೆಗೆದಿಡುತ್ತೇನೆ.

ಎಲ್ಲ ಮಾತೂ ಸ್ಪಷ್ಟವಾಗಿ ಬರುವುದಿಲ್ಲ, ಗದ್ದಲದಲ್ಲಿ ಕಲಸಿಹೋಗುತ್ತದೆ. ಅಭ್ಯಾಸವಾಗಬೇಕಂತೆ. ಆದ್ದರಿಂದ ನಿನ್ನ ಗಂಟಲನ್ನು ಮನೆಯಲ್ಲಿ ಬಿಟ್ಟುಬರಬೇಡ.

ಹಾಲ್‌ಸ್ಟಾಟಿಗೆ ನಾಲ್ಕು ದಿನ ಎಂದು ಬರೆಸಿದ್ದೇನೆ. ಎರಡು ಸ್ವೆಟರ್ ಇಟ್ಟುಕೋ. ತಣ್ಣಗಿರಬೇಕು ಎಂದರೆ ನಡುಗಬೇಕು ಎಂದಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಸಿಗೋಣ. ನೀಲಿ ಬಣ್ಣದ ಸೀರೆಯಲ್ಲಿ ಬರುತ್ತೇನೆ.

ನಿನ್ನ
ಅಕ್ಕ


ಜೂನ್ ೬

ಚಿರಂಜೀವಿ ಮಕ್ಕಳಿಗೆ,

ಇದು ನಾವಿಬ್ಬರೂ ಸೇರಿ ಬರೆಯುತ್ತಿರುವ ಕಾಗದ. ಈಗ ಬರೆಯುತ್ತಿರುವುದು ನಾನು, ಮುದ್ರಣಾಲಯದವಳು. ಇದು ನಿಮಗೆ ತಲುಪುವ ಮೊದಲೇ ನಾವು ಬಂದರೂ ಬರಬಹುದು. ಇರಲಿ. ಫೋನಿನಲ್ಲಿ “ಚೆನ್ನಾಗಿದ್ದೇವೆ” ಎಂದಷ್ಟೇ ಹೇಳಿದ್ದಕ್ಕೆ ಕಾರಣವಿದೆ: ನಾವು ಪ್ರಾಗ್‌ನಲ್ಲಿ ಇಲ್ಲ. ಅಲ್ಲಿನ ಕೋಣೆಗೆ ಕೊಟ್ಟ ಹಣ ಹೋಯಿತು ಎಂದುಕೊಳ್ಳಿ.

ಹಾಲ್‌ಸ್ಟಾಟಿನಿಂದ ಹೊರಟ ಮೇಲೆ ಒಂದು ಕಡೆ ರೈಲು ಬದಲಿಸಬೇಕಿತ್ತು. ಬೋಗಿಯಲ್ಲಿ ನಿಲ್ದಾಣದ ಹೆಸರು ಕೂಗಿದರು. ನನಗೆ ಕೇಳಿಸಿತು! ಇಡೀ ಹೆಸರು, ಮೊದಲಕ್ಷರದಿಂದ ಕೊನೆಯಕ್ಷರದವರೆಗೆ. ಎಷ್ಟು ವರ್ಷವಾಗಿತ್ತು ಹಾಗೆ ಕೇಳಿಸಿ! ‘ಇದೇ, ಇಳಿ ಇಳಿ’ ಎಂದು ಇವಳನ್ನು ಎಬ್ಬಿಸಿ ಇಳಿಸಿಬಿಟ್ಟೆ.

ಈಗ ಪೆನ್ನು ನನ್ನ ಕೈಗೆ ಬಂತು. ಪುಟ್ಟೀ, ನಿನ್ನಮ್ಮ ಬರೆಯುತ್ತಿದ್ದೇನೆ. ನಿನ್ನ ಅತ್ತೆಯ ಮುಖದಲ್ಲಿ ಎಂಥಾ ಕಳೆ ಇತ್ತೆಂದರೆ, ಅದು ನಮ್ಮ ನಿಲ್ದಾಣ ಅಲ್ಲ ಎಂದು ಬೋರ್ಡು ಕಂಡರೂ ನನಗೆ ಹೇಳಲು ಬಾಯಿ ಬರಲಿಲ್ಲ. ರೈಲು ಹೋಗುವವರೆಗೂ ಸುಮ್ಮನಿದ್ದೆ. ಆಮೇಲೆ ಬಲಗಡೆ ನಿಂತು ಮೆಲ್ಲಗೆ, “ಅಕ್ಕಾ, ಇದ್ಯಾವೂರು?” ಅಂದೆ. ಅವರು ಬೋರ್ಡು ಓದಿದರು. ಇನ್ನೊಂದು ಸಲ ಓದಿದರು.

ಮತ್ತೆ ನಾನು. ಎರಡು ಅಕ್ಷರ ಹೆಚ್ಚುಕಡಿಮೆ, ಅಷ್ಟೇ.

ಹೀಗೆ ನಾವು ಬಂದು ಬಿದ್ದಿರುವ ಈ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಫೋನಿನಲ್ಲಿ ಹುಡುಕಿ, ಅಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ನಮಗೇ ತಿಳಿಸುತ್ತೀರಿ. ನಿಜ, ಏನೂ ಇಲ್ಲ. ಒಂದು ಕೆರೆ, ಅದರ ಸುತ್ತ ಹಳದಿ ಮನೆಗಳು, ಕಲ್ಲು ಹಾಸಿದ ಒಂದು ಚೌಕ, ಒಂದು ಬ್ರೆಡ್ಡಂಗಡಿ. ನಿಲ್ದಾಣದ ಎದುರಿಗೇ ಅಜ್ಜಿಯೊಬ್ಬರ ವಸತಿಗೃಹ. ಒಂದು ರಾತ್ರಿಗೆಂದು ಹೋದೆವು. ಬೆಳಗ್ಗೆ ಇವಳು ಕಿಟಕಿ ತೆರೆದು, “ಅಕ್ಕಾ, ಪ್ರಾಗ್ ಎಲ್ಲೂ ಓಡಿಹೋಗಲ್ಲ” ಅಂದಳು. ಎಂಟು ಊರು ಬೇಕೆಂದಿದ್ದವಳು ನಾನೇನಾ ಎಂದು ನನಗೇ ಆಶ್ಚರ್ಯ. ನಾನೂ ತಲೆಯಾಡಿಸಿದೆ.

ವಸತಿಗೃಹದ ಅಜ್ಜಿ ನೀವಿಬ್ಬರೂ ಏನಾಗಬೇಕು ಎಂದು ಕೇಳಿದರು. ಬೀಗಿತ್ತಿ ಎಂಬುದಕ್ಕೆ ಅವರ ಭಾಷೆಯಲ್ಲಿ ಪದವೇ ಇಲ್ಲ! ಇವಳು ಕೈಬೆರಳಲ್ಲಿ ಲೆಕ್ಕ ತೋರಿಸಿದಳು: ಈ ಬೆರಳು ನಾನು, ಪಕ್ಕದ್ದು ನನ್ನ ಮಗಳು, ಅದರ ಪಕ್ಕದ್ದು ಇವರ ಮಗ, ಕೊನೆಯದು ಇವರು, ನಡುವಿನ ಎರಡಕ್ಕೂ ಗಂಟು. ಅಜ್ಜಿ ನಾಲ್ಕು ಬೆರಳನ್ನೂ ನೋಡಿ, ಹೆಬ್ಬೆರಳು ಯಾರು ಎಂದು ಕೇಳಿದರು. ಹೆಬ್ಬೆರಳು ಯಜಮಾನರು, ಅವರು ಬಂದಿಲ್ಲ ಎಂದೆವು.

ಇನ್ನು ನಾನು, ಲಾಂಡ್ರಿಯವಳು. ಅಳಿಯಂದಿರೇ, ನಿಮಗೇ ಒಂದು ತಕರಾರು ಇದೆ. ಇವತ್ತು ಬೆಳಗ್ಗೆ ಕೆರೆಯ ಆಚೆ ದಡಕ್ಕೆ ಹೋಗುವ ದೋಣಿ ಹತ್ತಿದೆವು. ನಾನು ನಿಮ್ಮಮ್ಮನ ಫೋಟೋ ತೆಗೆಯಲೆಂದು ನಿಂತೆ. ದೋಣಿ ಒಂದು ಸಲ ಓಲಾಡಿತು. ಹಿಂದೆ ಸೀಟಿದೆ ಎಂದು ಕೂತುಬಿಟ್ಟೆ. ಅದು ಸೀಟಲ್ಲ, ಬ್ರೆಡ್ಡಂಗಡಿಯವನು ಆಚೆ ದಡಕ್ಕೆ ಸಾಗಿಸುತ್ತಿದ್ದ ಬುಟ್ಟಿ. ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡು. ನಾನು ಕೂಗಿದ ಕೂಗಿಗೆ ದಡದ ಬಾತುಕೋಳಿಗಳೆಲ್ಲ ಹಾರಿದವು. ಜೀವಮಾನವಿಡೀ ಬಿಸಿ ಹಬೆಯಲ್ಲಿ ಬೆಂದು, ತಣ್ಣಗಿರೋಣ ಎಂದು ಸಮುದ್ರ ದಾಟಿ ಬಂದರೆ, ಇಲ್ಲೂ!

ಆಗ ನಿಮ್ಮಮ್ಮ ನಕ್ಕರು. ಮುಗುಳ್ನಗೆ ಅಲ್ಲ. ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಹಿಡಿದುಕೊಂಡು, ಕೊನೆಗೆ ಉಸಿರು ಸಿಗದೆ ಬಿಕ್ಕಳಿಸುತ್ತಾ. ನಡುವೆ ಮೂಗಿನಿಂದ ಒಂದು ಸೀಟಿ ಬೇರೆ. ಇಡೀ ದೋಣಿ ತಿರುಗಿ ನೋಡಿತು, ಆಮೇಲೆ ಇಡೀ ದೋಣಿಯೇ ನಗತೊಡಗಿತು. ನನ್ನ ಉರಿ ನನಗೇ ಮರೆತುಹೋಯಿತು. ನಿಮ್ಮಮ್ಮನಿಗೆ ಇಂಥಾ ನಗು ಇದೆ ಎಂದು ನೀವು ಇಷ್ಟು ವರ್ಷ ಯಾಕೆ ನನಗೆ ಒಂದು ಮಾತೂ ಹೇಳಲಿಲ್ಲ?

ಕೊನೆಯ ನಾಲ್ಕು ಸಾಲು ನನ್ನದು, ಮುದ್ರಣಾಲಯದವಳದು. ಈ ನಗು ನನ್ನ ಮಗನಿಗೂ ಗೊತ್ತಿರಲಿಕ್ಕಿಲ್ಲ. ನನಗೇ ಮರೆತಿತ್ತು.

ಚಪ್ಪಟೆಯಾದ ಬ್ರೆಡ್ಡುಗಳನ್ನೆಲ್ಲ ನಾವೇ ಕೊಳ್ಳಬೇಕಾಯಿತು. ಈಗ ದಡದಲ್ಲಿ ಕೂತು, ಕಾಲು ನೀರಿಗೆ ಇಳಿಬಿಟ್ಟು, ಅದನ್ನೇ ಮುರಿದು ತಿನ್ನುತ್ತಿದ್ದೇವೆ. ಇನ್ನೂ ಬೆಚ್ಚಗಿದೆ.

ಇಂತಿ, ನಿಮ್ಮ
ಅಮ್ಮಂದಿರು